ಬೆರಳಿನ ವ್ಯಾಯಾಮ

ಕಾರ್ಕಳದ ಹತ್ತಿರದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ವ್ಯಾಯಾಮ ಕಲಿಸಲು ಹೋಗಿದ್ದೆ. ತಂಬಾಕು ಏನಾದರೂ ಉಂಟೋ ಎಂದು ಗೇಟಿನಲ್ಲೇ ವಾಚ್‌ಮನ್ ನನ್ನ ಚೀಲ ತಡಕಿದ. ಒಳ್ಳೆಯ ಶಿಸ್ತು ಎಂದುಕೊಂಡೆ.

ಅಂಗಳದಲ್ಲಿ ಗಂಡಸರು ವಾಲಿಬಾಲ್ ಆಡುತ್ತಿದ್ದರು. "ಬೆವರು ಹರಿದರೆ ಚಟ ಪುನಃ ಹತ್ತಿರ ಬರುವುದಿಲ್ಲ ಮೇಡಂ," ಎಂದರು ಮ್ಯಾನೇಜರ್.

"ಹೆಂಗಸರು ಎಲ್ಲಿ?"

ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಆರು ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು!

"ಇದೆಂತ?"

"ಅವರಿಗೆ ಇದೇ ವ್ಯಾಯಾಮ. ಬೆರಳಿಗೂ ಒಳ್ಳೆಯದು, ಮನಸ್ಸೂ ಒಂದು ಕಡೆ ನಿಲ್ಲುತ್ತದೆ. ಮನೆಯಲ್ಲೂ ಕಟ್ಟುತ್ತಿದ್ದವರೇ ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಅವರಲ್ಲಿ ಒಬ್ಬರು, ನೋವಿನ ಮಾತ್ರೆಯ ಚಟ ಬಿಡಲು ಬಂದಿದ್ದ ಸುಮತಿಯಕ್ಕ, ತಲೆ ಎತ್ತದೆ ಹೇಳಿದರು: "ಬೀಡಿಗೆ ಕೂತು ಕೂತು ಬೆನ್ನು ನೋವು ಬಂದೇ ನಾನು ಮಾತ್ರೆ ಹಿಡಿದದ್ದು. ಹೋದ ಸಲ ಇಲ್ಲಿಂದ ಗುಣವಾಗಿ ಹೋದೆ. ಪುನಃ ಬೀಡಿ, ಪುನಃ ಮಾತ್ರೆ."

"ನಾಳೆಯಿಂದ ಇವರೂ ಅಂಗಳಕ್ಕೆ ಬರಲಿ," ಎಂದೆ.

"ಹೆಂಗಸರು ಓಡುವುದನ್ನು ರಸ್ತೆಯಲ್ಲಿ ಹೋಗುವವರು ನೋಡಿದರೆ ಎಂತ ಹೇಳಿಯಾರು ಮೇಡಂ?"

ಹೊರಡುವಾಗ ವಾಚ್‌ಮನ್ ಮತ್ತೆ ನನ್ನ ಚೀಲಕ್ಕೆ ಕೈ ಹಾಕಿದ.

"ಇದರಲ್ಲಿ ಎಂತ ಹುಡುಕುತ್ತೀ ಮಾರಾಯ? ನಿನಗೆ ತಂಬಾಕು ಹಿಡಿಯಬೇಕಾದರೆ ಹೆಂಗಸರ ವ್ಯಾಯಾಮಶಾಲೆಗೆ ಹೋಗು," ಎಂದೆ.