ಕೂಸಿನ ಪಾಲು

ಪಂಚಮಿಗೆ ನಮ್ಮ ಮನೆಯಲ್ಲಿ ಹಾಲು ಎರೆಯುವವಳು ಆಯಿ, ಅಪ್ಪನ ತಾಯಿ. ಒಣ ಕೊಬ್ಬರಿಯ ಬಟ್ಟಲನ್ನು ಹಾಲಿನಲ್ಲಿ ಅದ್ದಿ, ನಾಗಪ್ಪನ ಮೇಲೆ ಹನಿ ಬಿಡುತ್ತ ಒಬ್ಬೊಬ್ಬರ ಪಾಲು ಹೇಳುತ್ತಾಳೆ. ದೇವರ ಪಾಲು, ಗುರುವಿನ ಪಾಲು, ಮಗ್ಗದ ಪಾಲು. ಆಮೇಲೆ ಹಿರಿಯ ಮಗನಿಂದ ಹಿಡಿದು ಕಿರಿಯ ಮೊಮ್ಮಗನವರೆಗೆ. ಹೆಸರು ಬೇಕಿಲ್ಲ, ಸಂಬಂಧ ಹೇಳಿದರೆ ಸಾಕು. ಆದರೆ ಪಾಲು ಬದುಕಿದ್ದವರಿಗೆ ಮಾತ್ರ. ಅಜ್ಜ ತೀರಿಕೊಂಡ ವರ್ಷ ಆಯಿ ಅವನ ಪಾಲನ್ನು ಬಿಟ್ಟು ಮುಂದೆ ಹೋದಳು. ಆ ಜಾಗಕ್ಕೆ ಬಂದಾಗ ಬಟ್ಟಲು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲೇ ನಿಂತಿತ್ತು.

ನಾನು ಶಾಲೆಯ ದಿನಗಳಿಂದ ದಿನಚರಿ ಬರೆಯುತ್ತೇನೆ. ಪಂಚಮಿಯ ಪುಟದಲ್ಲಿ ಎಷ್ಟು ಪಾಲಾದವು, ಯಾರು ಬಂದಿದ್ದರು, ಯಾರು ಬರಲಿಲ್ಲ ಎಂದು ಬರೆಯುವುದು ರೂಢಿ. ಈ ವರ್ಷ ಬಂದವರ ಸಾಲಿನಲ್ಲಿ ಬನಹಟ್ಟಿಯ ನಾವು ನಾಲ್ವರೇ: ಆಯಿ, ಅಪ್ಪ, ಅವ್ವ, ನಾನು. ಉಳಿದವರಿಗೆ ‘ಫೋನಿನಲ್ಲಿ’ ಎಂದು ಹೊಸದೊಂದು ಸಾಲು ಎಳೆಯಬೇಕಾಯಿತು.

ಅಕ್ಕನಿಗೆ ಇದು ಮದುವೆಯಾದ ಮೇಲಿನ ಮೊದಲ ಪಂಚಮಿ. ಮುಧೋಳಕ್ಕೆ ಹೋಗಿ ಅವಳನ್ನು ಕರೆತರುವ ಕೆಲಸ ನನ್ನದು. ಆದರೆ ಅವಳಿಗೆ ಮೂರು ತಿಂಗಳು ತುಂಬಿತ್ತು. ಬಸ್ಸು, ಗಾಡಿ ಯಾವುದೂ ಬೇಡ ಎಂದು ಡಾಕ್ಟರು ಹೇಳಿದ್ದರು. ಆಯಿ ಎರಡು ದಿನ ಮುನಿಸಿಕೊಂಡಿದ್ದು, ಕೊನೆಗೆ ತಾನೇ ತೀರ್ಮಾನ ಹೇಳಿದಳು: “ಹಂಗಾರ ಎಲ್ಲಾರೂ ಫೋನಿನ್ಯಾಗs ಬರ್ರಿ. ಆಕಿ ಒಬ್ಬಾಕಿನ ಯಾಕ ಹೊರಗ ಉಳೀಬೇಕು?” ಆಯಿಯ ಕಿರಿಯ ಮಗ ಜಮಖಂಡಿಯ ಕಾಕಾ, ಮಗಳು ಇಚಲಕರಂಜಿಯ ಅತ್ತೆ ಇಬ್ಬರೂ ಒಪ್ಪಿದರು.

ಹಬ್ಬ ಇನ್ನೂ ಮೂರು ದಿನ ಇರುವಾಗ ಅಕ್ಕನ ಹೊಟ್ಟೆಯ ಕೂಸು ಉಳಿಯಲಿಲ್ಲ. ಅವ್ವನನ್ನು ಬೈಕಿನಲ್ಲಿ ಮುಧೋಳಕ್ಕೆ ಕರೆದೊಯ್ದೆ. ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಹಬ್ಬ ಆಗೂತನಕ ಆಯಿಗೆ ಹೇಳಬ್ಯಾಡಬೇ ಯವ್ವಾ,” ಎಂದಳು. “ಹಾಲು ಎರಿಯೋದು ಬಿಟ್ಟು ಕುಂತಬಿಡ್ತಾಳ ಆಕಿ. ನಾ ಫೋನಿನ್ಯಾಗ ಬರ್ತೀನಿ. ನಕ್ಕೋತನs ಕುಂಡರ್ತೀನಿ.”

ಅವ್ವ ಹೂಂ ಅಂದಳು. ಮನೆಗೆ ಬಂದು ಆಯಿಯ ಮುಂದೆ, “ಅರಾಮ ಅದಾಳ್ರಿ, ಬರೇ ದಣದಾಳ” ಎಂದು ಅಡುಗೆಮನೆಗೆ ಹೋದಳು. ಅಪ್ಪನಿಗೆ ಮಾತ್ರ ವಿಷಯ ತಿಳಿಸಿದೆವು.

ನಮ್ಮಲ್ಲಿ ಚೌತಿ, ಪಂಚಮಿ ಎರಡೂ ದಿನ ಹಾಲು ಎರೆಯುತ್ತಾರೆ. ಚೌತಿಯ ಬೆಳಿಗ್ಗೆ ಮಣ್ಣಿನ ನಾಗಪ್ಪನ ಎದುರು ನಾನು ಫೋನು ಹಿಡಿದು ನಿಂತೆ. ಮಗ್ಗ ನಿಲ್ಲಿಸಿದ್ದರಿಂದ ಎಲ್ಲರ ಮಾತೂ ಸರಿಯಾಗಿ ಕೇಳುತ್ತಿತ್ತು. ಆಯಿ ಕಳಿಸಿದ್ದ ಸೀರೆ ಉಟ್ಟು, ಹೂ ಮುಡಿದು ಅಕ್ಕ ಕೂತಿದ್ದಳು. ಹೇಳಿದಂತೆ ನಗುತ್ತಲೂ ಇದ್ದಳು.

“ಲೇ ತಮ್ಮಾ, ಫೋನ್ ಜರಾ ಕೆಳಗ ಹಿಡಿ,” ಎಂದರು ಕಾಕಾ. “ನಾಗಪ್ಪ ಎಲ್ಲದಾನ? ನನಗ ಬರೇ ಅವ್ವನ ಮೊಣಕೈ ಕಾಣಾಕತ್ತೈತಿ.”

“ಅದಕ್ಕs ಕೈ ಮುಗಿಯೋ,” ಎಂದಳು ಅತ್ತೆ. “ಅದರ ಪೆಟ್ಟು ತಿಂದs ದೊಡ್ಡಾಂವ ಆಗೀದಿ ನೀ.”

ಆಯಿ ಒಂದೊಂದೇ ಪಾಲು ಹೇಳುತ್ತ ಬಂದಳು. “ಮುಧೋಳದ ಮೊಮ್ಮಗಳ ಪಾಲು.” ಅಕ್ಕ ಕೈ ಮುಗಿದಳು. ಆಯಿ ಮುಂದಿನವರಿಗೆ ಹೋಗಲಿಲ್ಲ. ಬಟ್ಟಲನ್ನು ಮತ್ತೆ ಹಾಲಿನಲ್ಲಿ ಅದ್ದಿ, “ಆಕಿ ಹೊಟ್ಟ್ಯಾಗಿನ ಕೂಸಿನ ಪಾಲು” ಎಂದಳು.

“ಎರಡ ಹನಿ ಬಿಡಬೇ, ಅವಳಿಜವಳಿ ಇದ್ರ ಜಗಳಾಡ್ತಾವು!” ಅತ್ತೆ ನಕ್ಕಳು. ಕಾಕಾ ಕೂಡ ನಕ್ಕರು.

ಹೀಗೊಂದು ಪಾಲು ಬರುತ್ತದೆಂದು ಅವ್ವನಿಗೆ ಹೊಳೆದಿರಲಿಲ್ಲ. ವರ್ಷ ವರ್ಷ ಪಾಲು ಎಣಿಸುವ ನನಗೂ ಹೊಳೆದಿರಲಿಲ್ಲ. ಅಕ್ಕನ ಮುಖ ಇದ್ದಲ್ಲಿ ಈಗ ಛತ್ತು ಮತ್ತು ಫ್ಯಾನು ಕಾಣುತ್ತಿದ್ದವು.

“ನೆಟ್ ಹೋತು ಕಾಣ್ತೈತಿ,” ಎಂದರು ಕಾಕಾ. ಹೋಗಿರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು.

ಮಧ್ಯಾಹ್ನ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದ ಆಯಿ, “ಕೂಸಿನ ಪಾಲು ಅಂದಕೂಡ್ಲೆ ಆಕಿ ಫೋನ್ ಯಾಕ ಒಗದ್ಲು?” ಎಂದು ಕೇಳಿದಳು. ಅವ್ವನಿಗೆ ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿಬಿಟ್ಟಳು. ಆಯಿ ಕೈಯಲ್ಲಿದ್ದ ಉಂಡಿಯನ್ನು ತಾಟಿನಲ್ಲಿಟ್ಟಳು.

“ನಾ ಪಾಲು ಹಾಕುವಾಗ ಆಕಿ ಅದನ್ನ ಕೇಳ್ಕೋತ ಕುಂತಿದ್ಲು?”

“ಹೌದ್ರಿ.”

ಆ ದಿನ ಆಯಿ ಊಟ ಮಾಡಲಿಲ್ಲ. ಅಪ್ಪ ಜಮಖಂಡಿಗೂ ಇಚಲಕರಂಜಿಗೂ ಫೋನು ಮಾಡಿ ಸುದ್ದಿ ತಿಳಿಸಿದ.

ಪಂಚಮಿಯ ಬೆಳಿಗ್ಗೆ, “ಇವತ್ತ ಫೋನ್ ಬ್ಯಾಡ” ಎಂದ ಅಪ್ಪ. ಅಷ್ಟರಲ್ಲಿ ಅಕ್ಕನ ಕರೆಯೇ ಬಂತು. “ಎತ್ತು,” ಎಂದಳು ಆಯಿ. ಕಾಕಾ, ಅತ್ತೆಯೂ ಸೇರಿಕೊಂಡರು. ಯಾರೂ ಮೊಣಕೈಯ ಮಾತು ಎತ್ತಲಿಲ್ಲ. ಅತ್ತೆ ಬಾಯಿಗೆ ಸೆರಗು ಹಿಡಿದಿದ್ದಳು.

ಆಯಿ ಫೋನಿನ ಕಡೆ ನೋಡದೆ ಪಾಲು ಹೇಳಿದಳು. “ಮುಧೋಳದ ಮೊಮ್ಮಗಳ ಪಾಲು.” ಬಟ್ಟಲು ನಿಂತಿತು, ಅಜ್ಜನ ವರ್ಷ ನಿಂತಂತೆ. ಆಮೇಲೆ ಉಳಿದವರದು, ಕಡೆಗೆ ನನ್ನದು. ಬಟ್ಟಲನ್ನು ಕೆಳಗಿಟ್ಟಳು.

“ಆಯಿ,” ಎಂದಳು ಅಕ್ಕ. “ಒಂದು ಬಿಟ್ಟಿ ನೋಡು.”

ಆಯಿ ತಲೆ ಎತ್ತಲಿಲ್ಲ. “ಇದ್ದವ್ರಿಗೆ ಅಷ್ಟ ಹಾಕ್ತೀವಿ ನನ್ನವ್ವ.”

“ನಿನ್ನೆ ಹಾಕೀದಿಯಲ್ಲ. ಆ ಜೀವಕ್ಕ ನಮ್ಮನ್ಯಾಗ ಸಿಕ್ಕದ್ದು ಅದೊಂದs. ಇವತ್ತೊಂದಿನ ಹಾಕು. ಮುಂದಿನ ವರ್ಷ ಕೇಳಂಗಿಲ್ಲ.”

ಆಯಿ ಬಟ್ಟಲನ್ನು ಹಾಲಿನಲ್ಲಿ ಅದ್ದಿದಳು. ಅದನ್ನು ನಾಗಪ್ಪನ ಮೇಲೆ ಹಿಡಿದಳು. ಅಕ್ಕನೇ ಫೋನಿನಿಂದ ಹೇಳಿದಳು, “ಕೂಸಿನ ಪಾಲು.”

ಹನಿ ಬೀಳುವುದು ಅವಳಿಗೆ ಕಾಣಲೆಂದು ನಾನು ಫೋನನ್ನು ಇನ್ನಷ್ಟು ಕೆಳಗೆ ಹಿಡಿದೆ.