ಒಂದು ಮೊಳೆಯ ಹೊಟ್ಟೆಕಿಚ್ಚು

ನಿನ್ನೆಯಿಂದ ನಮ್ಮ ಮನೆಯಲ್ಲಿ ಬಡಗಿಯ ಕೆಲಸ. ಪ್ಲೈವುಡ್ಡಿನ ಹೊಟ್ಟು, ಅಂಟಿನ ವಾಸನೆ ಎರಡೂ ಸೇರಿ ಮೂಗು ತುಂಬಿದೆ. ಬೇರೆಯವರಿಗೆ ಈ ವಾಸನೆಗೆ ತಲೆನೋವು ಬರುತ್ತದಂತೆ. ನನಗೆ ಬರುವುದು ಹೊಟ್ಟೆಕಿಚ್ಚು. ಅದೂ ಇಂದು ನಿನ್ನೆಯದಲ್ಲ, ತೊಂಬತ್ತರ ದಶಕದ್ದು, ಅಹಮದಾಬಾದಿನದು.

ಆಗ ನಾವು ಅಲ್ಲಿನ ಸ್ಯಾಟಲೈಟ್ ಎಂಬ ಬಡಾವಣೆಯ ವಸತಿ ಸೊಸೈಟಿಯೊಂದರಲ್ಲಿ ಬಾಡಿಗೆಗಿದ್ದೆವು. ಯಜಮಾನರದು ಬ್ಯಾಂಕಿನ ಕೆಲಸ. ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟುವುದು ನನ್ನ ಕೆಲಸ. ಮನೆಯ ಮಾಲೀಕರು ಬಲು ಸಭ್ಯರು. ಬೀಗದ ಕೈ ಕೊಡುವಾಗ ಹೇಳಿದ್ದು ಒಂದೇ ಮಾತು: "ಬೆಹೆನ್, ದೀವಾರ್ ಮೇ ಕೀಲ್ ಮತ್ ಲಗಾನಾ." ಗೋಡೆಗೆ ಮೊಳೆ ಹೊಡೆಯಬಾರದು! ಹಿಂದಿದ್ದ ವಡೋದರಾದ ಮನೆಯಲ್ಲೂ ಇದೇ ಕಟ್ಟಳೆ. ಹಾಗಾಗಿ ನಮ್ಮ ಮದುವೆಯ ಫೋಟೋ ಟ್ರಂಕಿನೊಳಗೇ ಸಂಸಾರ ಮಾಡಿತು, ದೇವರು ಫ್ರಿಜ್ಜಿನ ಮೇಲೆ ನೆಲೆಸಿದ. ನಾನು ಅರಮನೆ ಕೇಳಿದೆನೇ, ನೀವೇ ಹೇಳಿ. ಮನಸ್ಸು ಬಂದ ಕಡೆ ಒಂದು ಮೊಳೆ ಹೊಡೆಯುವ ಹಕ್ಕು ಬೇಕಿತ್ತು, ಅಷ್ಟೇ.

ಕೆಳಗಿನ ಮನೆಯ ಸುನಂದಾಬಾಯಿಯೂ ಬಾಡಿಗೆಯವರೇ, ಧಾರವಾಡದ ಕಡೆಯವರು. ಅವರ ಯಜಮಾನರು ದೇಸಾಯರು, ಸಂಶೋಧನಾ ಸಂಸ್ಥೆಯೊಂದರಲ್ಲಿ ಇಂಜಿನಿಯರು. ಅವರು ಹಳೆಯ ವ್ಯಾನೊಂದನ್ನು ತಂದು ನಿಲ್ಲಿಸಿದಾಗ ನಾನು ಒಳಗೊಳಗೇ ನಕ್ಕೆ. ರಜೆಯಲ್ಲಿ ಅದರಲ್ಲೇ ಉಂಡು, ಅದರಲ್ಲೇ ಮಲಗಿ ಧಾರವಾಡಕ್ಕೆ ಹೋಗುತ್ತಾರಂತೆ!

ಆ ನಗು ಬಹಳ ದಿನ ಉಳಿಯಲಿಲ್ಲ. ಭಾನುವಾರ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ವ್ಯಾನಿನೊಳಗೆ. ಅವರು ಹಲಗೆ ಕೊಯ್ದರೆ ಇವರು ಹಿಡಿಯುವುದು. ಕೂರಲು ಬೆಂಚು, ಅದರ ಮುಚ್ಚಳ ಎತ್ತಿದರೆ ಒಳಗೆ ಹಾಸಿಗೆ ಹೊದಿಕೆ. ಕಿಟಕಿಯ ಕೆಳಗೆ ಮಡಚುವ ಮೇಜು. ಡಬ್ಬಿಗಳು ಉರುಳದಂತೆ ಸೈಕಲ್ ಟ್ಯೂಬಿನ ಪಟ್ಟಿ. ಹಳೆಯ ಸೀರೆ ಹರಿದು ಹೊಲಿದ ಪರದೆ. ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಹರವುತ್ತ, ಒಂದೊಂದು ಮೊಳೆಯ ಸದ್ದನ್ನೂ ಕೇಳಿಸಿಕೊಂಡು ಉರಿಯುತ್ತಿದ್ದೆ. ನಮ್ಮವರು ಒಳಗೆ ಪೇಪರ್ ಓದುತ್ತಿದ್ದರು.

"ಬರ್ರಿ ಅಕ್ಕಾರ, ನೀವೂ ಒಂದು ಮೊಳಿ ಹೊಡೀರಿ!" ಸುನಂದಾಬಾಯಿ ಕೆಳಗಿನಿಂದ ಕರೆದರು.

"ಒಲೆ ಮೇಲೆ ಹಾಲಿದೆ ಕಣ್ರೀ," ಎಂದೆ. ಹಾಲೂ ಇರಲಿಲ್ಲ, ಒಲೆಯೂ ಹತ್ತಿರಲಿಲ್ಲ.

ಕೊನೆಗೊಮ್ಮೆ ನೋಡಲು ಹೋದೆ, ಹುಳುಕು ಹುಡುಕುವುದಕ್ಕೆಂದೇ. ಸಿಕ್ಕಿಯೇಬಿಟ್ಟಿತು. ಮೂಲೆಯಲ್ಲಿ ಪುಟ್ಟ ದೇವರ ಗೂಡು ಮಾಡಿದ್ದರು.

"ದೇವರ ಮುಖ ಪೂರ್ವಕ್ಕಿದೆ, ಸರಿ. ಗಾಡಿ ತಿರುಗಿದ್ರೆ ಏನ್ಮಾಡ್ತೀರಿ?" ಎಂದೆ.

ಸುನಂದಾಬಾಯಿಯ ಮುಖ ಸಣ್ಣದಾಯಿತು. ಅಂದು ಸಂಜೆ ನಾನು ಹಾಡು ಗುನುಗುತ್ತ ಚಪಾತಿ ಲಟ್ಟಿಸಿದೆ.

ಮುಂದಿನ ಭಾನುವಾರ ದೇಸಾಯರು ಗೂಡಿನ ಅಡಿಗೆ ಬೇರಿಂಗ್ ಕೂರಿಸಿ ಅದು ತಿರುಗುವಂತೆ ಮಾಡಿಬಿಟ್ಟರು! ಗಾಡಿ ಯಾವ ದಿಕ್ಕಿಗೆ ನಿಂತರೂ ದೇವರು ಪೂರ್ವಕ್ಕೇ. ಸೊಸೈಟಿಗೆ ಸೊಸೈಟಿಯೇ ನೋಡಲು ನೆರೆಯಿತು. ಸುನಂದಾಬಾಯಿ ನನ್ನ ಕೈ ಹಿಡಿದು, "ಇದು ನಮ್ಮ ಅಕ್ಕಾರ ಐಡಿಯಾ ನೋಡ್ರಿ," ಎಂದು ಎಲ್ಲರಿಗೂ ಹೇಳಿದರು. ಅವರ ಮಾತಿನಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು.

ಮೇ ತಿಂಗಳಲ್ಲಿ ಅವರು ಧಾರವಾಡಕ್ಕೆ ಹೊರಟಾಗ ಸೂರತ್‌ನ ನನ್ನ ತಂಗಿಯ ಮನೆಯವರೆಗೆ ನಮ್ಮನ್ನೂ ಕರೆದೊಯ್ದರು. ವಡೋದರಾದ ಹತ್ತಿರ ನಿಲ್ಲಿಸಿ, ಆ ಮಡಚುವ ಮೇಜಿನ ಮೇಲೆ ಚಹಾ ಕೊಟ್ಟರು. ಸುನಂದಾಬಾಯಿ ಗೂಡನ್ನು ಮೆಲ್ಲಗೆ ಪೂರ್ವಕ್ಕೆ ತಿರುಗಿಸಿ ಕೈಮುಗಿದರು. ಸೂರತ್‌ನ ವರಾಛಾದಲ್ಲಿ, ತಂಗಿಯ ಮನೆಯ ಮುಂದೆ ನಾವು ಇಳಿದೆವು. ಅವರ ಮನೆ ಅವರ ಜೊತೆಗೇ ಹೋಯಿತು. ನಾನು ಸೂಟ್‌ಕೇಸ್ ಹಿಡಿದು ನಿಂತಿದ್ದೆ.

ಈಗ ನಿವೃತ್ತಿಯ ನಂತರ ಕೊಂಡ ನಮ್ಮದೇ ಮನೆ. ಇವತ್ತು ಬಡಗಿ ಕೇಳಿದ, "ದೇವರ ಗೂಡು ಪೂರ್ವಕ್ಕೆ ತಾನೇ ಅಮ್ಮಾ?"

"ತಿರುಗೋ ಹಾಗೆ ಮಾಡಕ್ಕಾಗುತ್ತಾ?"

"ಯಾಕಮ್ಮಾ? ಮನೆ ತಿರುಗಲ್ವಲ್ಲ!"

ಹೌದು, ತಿರುಗುವುದಿಲ್ಲ. ನಾನು ಇಷ್ಟು ವರ್ಷ ಬೇಡಿಕೊಂಡದ್ದೂ ಇದನ್ನೇ. ಆದರೂ ಆ ವ್ಯಾನು ಕಣ್ಣ ಮುಂದೆ ಬಂದು, ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಚುರುಕ್ ಎಂದಿತು. ಟ್ರಂಕಿನಿಂದ ಮದುವೆಯ ಫೋಟೋ ತೆಗೆದೆ.

"ಸುತ್ತಿಗೆ ಇಲ್ಲಿ ಕೊಡಪ್ಪ," ಎಂದೆ.

"ಬೆರಳು ಜೋಪಾನ," ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

ಮೊಳೆ ಸೊಟ್ಟಗೆ ಹೋಯಿತು. ಬಡಗಿ ಕಿತ್ತು ಸರಿಮಾಡಲು ಬಂದ. ನಾನು ಬಿಡಲಿಲ್ಲ. ಸುನಂದಾಬಾಯಿ ಕರೆದಾಗಲೇ ಹೊಡೆಯಬೇಕಿದ್ದ ಮೊಳೆ ಅದು.