ಒಂದೂ ಓಡದ ಪರೀಕ್ಷೆಗಳು

ಹಸಿರು ಸಾಲು ಬಂದಾಗ ಮೊದಲು ತೋರಿಸಿದ್ದು ಅತ್ತೆಯವರಿಗೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಲ್ಯಾಪ್‌ಟಾಪಿನ ಕಡೆ ಬಗ್ಗಿದರು.

"ಪಾಸಾತಾ?"

"ಆಗೈತೆ ಅಂತ ತೋರಿಸ್ತೈತೆ ಅತ್ತೆ."

"ಮತ್ತೆ ಮುಖ ಯಾಕೆ ಹಂಗ್ ಮಾಡ್ಕಂಡೀಯ?"

ಯಾಕೆಂದು ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಬಿಸಿಎ ಮುಗಿಸಿ, ಮದುವೆಯಾಗಿ ಚಿತ್ರದುರ್ಗದ ಈ ಮನೆಗೆ ಬಂದ ಮೇಲೆ ಹನ್ನೆರಡು ವರ್ಷ ನಾನು ಜಾವಾ ಮುಟ್ಟಿರಲಿಲ್ಲ. ಹೊಳಲ್ಕೆರೆಯಲ್ಲಿರುವ ನನ್ನ ಓರಗಿತ್ತಿ, ನಾನು ಅಕ್ಕ ಎಂದೇ ಕರೆಯುವವರು, ಮನೆಯಲ್ಲೇ ಕೂತು ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತಿದ್ದರು. ಖಾಸಗಿ ಬಸ್ಸಿನ ಸೀಟು ಕಾಯ್ದಿರಿಸುವ ಪ್ರೋಗ್ರಾಮು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಇಬ್ಬರಿಗೆ ಹೋಗಬಾರದಲ್ಲ, ಅಂಥದ್ದನ್ನು ಪ್ರೋಗ್ರಾಮು ಬದಲಾದಾಗಲೆಲ್ಲ ತಾನಾಗಿ ನೋಡಿ ಹೇಳುವ ಪುಟ್ಟ ಪರೀಕ್ಷೆಗಳನ್ನು ಬರೆಯುವುದು ಅಕ್ಕನ ಪಾಲಿನ ಕೆಲಸ. ಇನ್ನೊಬ್ಬರು ಬೇಕೆಂದಾಗ ಅಕ್ಕ ನನ್ನ ಹೆಸರು ಹೇಳಿದ್ದರು. ಶನಿವಾರ ನಾಲ್ಕು ಗಂಟೆಯೊಳಗೆ ಹದಿನಾಲ್ಕು ಪರೀಕ್ಷೆ ಬರೆದು, ಓಡಿಸಿ ಕಳಿಸಿದರೆ ಕೆಲಸ ನನ್ನದು. ಅದು ನನಗೆ ಎಷ್ಟು ಬೇಕಿತ್ತೆಂದು ಮನೆಯವರಿಗೂ ಹೇಳಿಕೊಂಡಿರಲಿಲ್ಲ.

ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ ಲೈಬ್ರರಿ ಎನ್ನುತ್ತಾರೆ; ಯಾವ ಲೈಬ್ರರಿಯ ಎಷ್ಟನೇ ಆವೃತ್ತಿ ಬೇಕು ಎಂದು ಬರೆದಿಡುವ ಒಂದು ಫೈಲು ಇರುತ್ತದೆ. ಅಕ್ಕ ತಮ್ಮದೇ ಒಂದು ಹಳೆಯ ಫೈಲು ಕಳಿಸಿಕೊಟ್ಟಿದ್ದರು. ಆಫೀಸಿನವರೂ ಹೊಸ ಲೈಬ್ರರಿಗಳ ನಾಲ್ಕು ಸಾಲು ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಹಿರಿಯ ಸೊಸೆ ಒಗ್ಗರಣೆ ಹಾಕಿದ ಸಾರಿಗೆ ಕಿರಿಯಳು ಮತ್ತೆ ಉಪ್ಪು ಹಾಕುವುದಿಲ್ಲ. ಸಪ್ಪೆಯೆನಿಸಿದರೆ ತನ್ನ ತಟ್ಟೆಯಲ್ಲಿ ಹಾಕಿಕೊಳ್ಳಬೇಕು. ಅದೇ ಅಭ್ಯಾಸದಲ್ಲಿ ನಾನು ಅಕ್ಕನ ಸಾಲುಗಳಲ್ಲಿ ಒಂದನ್ನೂ ಅಳಿಸದೆ ಆಫೀಸಿನವನ್ನು ಪಕ್ಕದಲ್ಲಿ ಸೇರಿಸಿದೆ. ಪರದೆ ತುಂಬ ಕೆಂಪು. ಇಂಥ ಮೆಥಡ್ಡೇ, ಅಂದರೆ ಆ ಕೋಡಿನ ತುಣುಕೇ, ಇಲ್ಲ ಎಂಬ ದೂರು. ಹಳೆಯ ಲೈಬ್ರರಿ, ಹೊಸ ಲೈಬ್ರರಿ ಒಂದಕ್ಕೊಂದು ಬೆರೆತುಹೋಗಿದ್ದವು. ಅಕ್ಕನಿಗೆ ಫೋನ್ ಮಾಡಿದೆ.

"ಮೇಲಿರೋ ನಂಬರೆಲ್ಲ ಹೊಸದು ಮಾಡು. ಕೆಳಗೆ ಪರೀಕ್ಷೆ ಓಡಿಸೋ ಪ್ಲಗಿನ್ ಐತಲ್ಲ, ಅದನ್ನ ಮುಟ್ಟಬ್ಯಾಡ. ನಂದೂ ಹಂಗೇ ಐತೆ, ದಿನಾ ಹಸಿರು ಬರ್ತೈತೆ," ಎಂದರು.

ಹಾಗೇ ಮಾಡಿದೆ. ಅತ್ತೆಯವರಿಗೆ ತೋರಿಸಿದ್ದು ಆ ಹಸಿರು.

ಮತ್ತೆ ಓಡಿಸಿ ನೋಡಿದೆ. ಹದಿನಾಲ್ಕು ಪರೀಕ್ಷೆಗೆ ಇಷ್ಟು ಬೇಗ ಹೇಗೆ ಮುಗಿಯಿತು ಅನ್ನಿಸಿತು. ಹಸಿರು ಸಾಲಿನ ಮೇಲಕ್ಕೆ ಬೆರಳಿಟ್ಟು ಓದುತ್ತಾ ಹೋದೆ. ಓಡಿದ ಪರೀಕ್ಷೆಗಳು ಎಂಬಲ್ಲಿ ಸೊನ್ನೆ ಇತ್ತು. ನಂಬಿಕೆ ಬರಲಿಲ್ಲ. ಒಂದು ಪರೀಕ್ಷೆಯಲ್ಲಿ ಬೇಕೆಂದೇ ಎರಡಕ್ಕೆ ಎರಡು ಕೂಡಿದರೆ ಐದು ಎಂದು ಬರೆದೆ. ಆಗಲೂ ಹಸಿರೇ.

ಶನಿವಾರ ಬೆಳಗ್ಗೆಯೆಲ್ಲ ಇದರಲ್ಲೇ ಹೋಯಿತು. ಯಾವ ಲೈಬ್ರರಿ ಇನ್ನಾವುದನ್ನು ಜೊತೆಗೆ ಎಳೆದು ತರುತ್ತದೆ ಎಂಬ ಪಟ್ಟಿ ತೆಗೆಸಿ ಒಂದೊಂದೇ ಸಾಲು ನೋಡಿದೆ. ಲೈಬ್ರರಿಗಳೆಲ್ಲ ಸರಿಯಾಗಿದ್ದವು. ಕೊನೆಗೆ ಉಳಿದದ್ದು ಅಕ್ಕ ಮುಟ್ಟಬೇಡ ಎಂದಿದ್ದ ಪ್ಲಗಿನ್. ಅದು ತೀರ ಹಳೆಯದು. ಹೊಸ ಲೈಬ್ರರಿಯಲ್ಲಿ ಬರೆದ ಪರೀಕ್ಷೆಗಳು ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಓಡಿಸಲು ಏನೂ ಇಲ್ಲ, ಆದ್ದರಿಂದ ತಪ್ಪೂ ಇಲ್ಲ, ಹಸಿರು. ಅದರ ಆವೃತ್ತಿ ಬದಲಿಸಿದ ತಕ್ಷಣ ಹದಿನಾಲ್ಕೂ ಓಡಿದವು, ಎರಡು ಫೇಲಾಗಿ ಬಿದ್ದವು. ಒಂದು ಆ ಐದು. ಇನ್ನೊಂದು ನಾನು ನಿಜವಾಗಿಯೂ ಮಾಡಿದ ತಪ್ಪು. ಎರಡನ್ನೂ ಸರಿಮಾಡಿದಾಗ ಒಂದು ಗಂಟೆ.

ಕಳಿಸಬಹುದಿತ್ತು. ಆದರೆ "ನಂದೂ ಹಂಗೇ ಐತೆ" ಎಂದಿದ್ದರಲ್ಲ ಅಕ್ಕ. ನನಗೆ ಕೆಲಸ ಕೊಡಿಸಲು ಹೊರಟವರ ಕೆಲಸವೇ ಸುಳ್ಳಾಗಿರಬಹುದು. ಹೇಳದೆ ಕಳಿಸಿದರೂ ನನ್ನ ಫೈಲು ನೋಡಿದ ಆಫೀಸಿನವರು ಅವರದನ್ನು ತೆಗೆದು ನೋಡದೆ ಬಿಡುತ್ತಾರೆಯೇ? ಫೋನ್ ಎರಡು ಸಲ ಎತ್ತಿ ಕೆಳಗಿಟ್ಟೆ. ಮೂರನೇ ಸಲ ಮಾಡಿದೆ.

"ಅಕ್ಕ, ಹಸಿರು ಸಾಲಿಗಿಂತ ಮೇಲೆ ಎಷ್ಟು ಓಡ್ಯಾವೆ ಅಂತ ಇರ್ತೈತೆ. ಒಂದ್ಸಲ ನೋಡ್ರಿ."

"ಓಹೋ, ಕಾನ್ವೆಂಟಿನೋರು ನಮಗೆ ಪಾಠ ಹೇಳಾಕೆ ಬಂದ್ರು," ಎಂದು ಅಕ್ಕ ನಕ್ಕರು.

"ನೋಡ್ರಿ ಅಕ್ಕ."

ಕೀಬೋರ್ಡಿನ ಸದ್ದು ಕೇಳಿತು.

"ಸೊನ್ನೆ ಐತಲ್ಲೇ." ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ, "ಹೊಸ ಲೈಬ್ರರಿ ಹಾಕಿದ್ದು ದಸರಾಕ್ಕಿಂತ ಮುಂಚೆ. ಅವತ್ತಿಂದ ಒಂದೂ ಓಡಿಲ್ಲ," ಎಂದರು.

ನಾನು ಪ್ಲಗಿನ್ನಿನ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಅಕ್ಕ."

"ನಿಂದು ಇವತ್ತು ಕಳಿಸಬ್ಯಾಡ ಅಂದ್ರೆ?"

ನಾನು ಗಡಿಯಾರದ ಕಡೆ ನೋಡಿದೆ.

"ಸುಮ್ನೆ ಅಂದೆ. ಇಡು," ಎಂದು ಅವರೇ ಫೋನ್ ಇಟ್ಟರು.

ಮಧ್ಯಾಹ್ನ ಊಟ ಬಡಿಸುವಾಗ ಅತ್ತೆಯವರಿಗೆ ಎರಡು ಸಲ ಮಜ್ಜಿಗೆ ಹಾಕಿದೆನಂತೆ. ಮೂರೂವರೆಗೆ ಅಕ್ಕನ ಮೆಸೇಜು ಬಂತು: "ನಿಂದು ಕಳಿಸು. ನಾನು ಆಫೀಸಿಗೆ ಎಲ್ಲಾ ಬರೆದೀನಿ."

ಕಳಿಸಿದೆ.

ಸೋಮವಾರ ಕೆಲಸ ಸಿಕ್ಕಿತು. ಮೊದಲ ಕೆಲಸವನ್ನೂ ಆಫೀಸಿನವರು ಅವತ್ತೇ ಹೇಳಿದರು: ಅಕ್ಕ ಬರೆದ ಪರೀಕ್ಷೆಗಳನ್ನೆಲ್ಲ ಹೊಸ ಪ್ಲಗಿನ್ನಿನಲ್ಲಿ ಓಡಿಸಿ, ಬಿದ್ದವುಗಳ ಪಟ್ಟಿ ಮಾಡಿ ಕಳಿಸಬೇಕು. ನನ್ನ ಮನೆಯಲ್ಲೇ ಕೂತು ಮಾಡಬಹುದಿತ್ತು. ಮಾರನೆಯ ದಿನ ಹೊಳಲ್ಕೆರೆ ಬಸ್ಸು ಹತ್ತಿದೆ.

ಅಕ್ಕ ಬಾಗಿಲು ತೆಗೆದು, "ಬಾ, ಕುಂತ್ಕ," ಎಂದರು. ಕಾಫಿ ತಂದಿಟ್ಟರು. ತಾವು ಕೂರಲಿಲ್ಲ, ನನ್ನ ಕುರ್ಚಿಯ ಹಿಂದೆ ನಿಂತರು.

"ಓಡಿಸು."

ಒತ್ತಿದೆ. ಕೆಂಪು ಸಾಲುಗಳು ಒಂದೊಂದಾಗಿ ಬರತೊಡಗಿದವು. ನಾಲ್ಕನೆಯದು, ಒಂದೇ ಸೀಟು ಇಬ್ಬರಿಗೆ ಹೋಗಬಾರದು ಎನ್ನುವ ಪರೀಕ್ಷೆ. ಅದರ ಹೆಸರನ್ನು ಅಕ್ಕನೇ ಮೆಲ್ಲಗೆ ಓದಿದರು.

"ಅದನ್ನೂ ಬರ್ಕ," ಎಂದರು.

ಬರೆದುಕೊಂಡೆ.